ಕಟ್ಟೋರು ಒಬ್ಬರು, ಮುಟ್ಟೋರು ಇನ್ನೊಬ್ಬರು

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಗೀಚಿ. ಇವತ್ತಿನದು ಕವನ ಅಲ್ಲ, ಸಿನಿಮಾ ವಿಮರ್ಶೆಯೂ ಅಲ್ಲ. ಬಟ್ಟೆ ಒಣಹಾಕೋ ತಂತಿ ಬಗ್ಗೆ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ.

ಮಳೆಗಾಲ ಶುರುವಾದ್ರೆ ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಬಂದೇ ಬರುತ್ತೆ. ಊರು ಬದಲಾಗುತ್ತೆ, ವಯಸ್ಸು ಬದಲಾಗುತ್ತೆ, ಉಳಿದದ್ದೆಲ್ಲ ಅದೇ. ಬಟ್ಟೆ ಒಣಹಾಕಲು ಹೋದ ಗೃಹಿಣಿ, ತಂತಿಯಲ್ಲಿ ಹರಿದ ವಿದ್ಯುತ್, ಬಿಡಿಸಲು ಹೋದ ಗಂಡನೋ ಮಗನೋ... ಅದರ ಜೊತೆಗೆ ತಪ್ಪದೆ 'ಆಕಸ್ಮಿಕವಾಗಿ' ಅನ್ನೋ ಪದ.

ನನ್ನ ಜಗಳ ಇರೋದು ಆ ಪದದ ಜೊತೆ. ಆಕಸ್ಮಿಕ ಅಂದ್ರೆ ಯಾರಿಗೂ ಮುಂಚೆ ಗೊತ್ತಾಗದೆ ಆಗೋದು. ಇಲ್ಲಿ ಆಕಸ್ಮಿಕ ಏನಿದೆ ಸ್ವಾಮಿ? ಯಾವ ತಂತಿ ತರಬೇಕು ಅಂತ ಯಾರೋ ಒಬ್ಬರು ಆರಿಸಿದ್ದಾರೆ. ಯಾವ ಕೊನೆಯನ್ನ ಎಲ್ಲಿಗೆ ಕಟ್ಟಬೇಕು ಅಂತ ಯಾರೋ ಒಬ್ಬರು ತೀರ್ಮಾನ ಮಾಡಿದ್ದಾರೆ. ಆ 'ಯಾರೋ ಒಬ್ಬರು' ಹೆಚ್ಚಿನ ಮನೆಗಳಲ್ಲಿ ಗಂಡಸು. ಭಾನುವಾರ ಏಣಿ ಹಾಕ್ಕೊಂಡು ಹತ್ತು ನಿಮಿಷದಲ್ಲಿ ಕಟ್ಟಿ ಇಳಿದರೆ ಅವನ ಕೆಲಸ ಮುಗೀತು. ಆಮೇಲೆ ಇಪ್ಪತ್ತು ವರ್ಷ ದಿನಾ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ, ಒದ್ದೆ ತಾರಸಿ ಮೇಲೆ ನಿಂತು ಅದನ್ನ ಮುಟ್ಟೋರು ಅವನ ಅಮ್ಮ, ಹೆಂಡತಿ, ತಂಗಿ, ಇಲ್ಲಾ ಕೆಲಸಕ್ಕೆ ಬರೋ ಅಕ್ಕ. ಕಟ್ಟೋರೇ ದಿನಾ ಮುಟ್ಟೋ ಹಾಗಿದ್ದಿದ್ರೆ ನಮ್ಮ ತಾರಸಿಗಳು ಹೀಗಿರ್ತಾ ಇರಲಿಲ್ಲ ಅನ್ನೋದು ನನ್ನ ವಾದ.

ನಮ್ಮ ದಾವಣಗೆರೆಯ ವಿನೋಬನಗರದ ಯಾವ ಕ್ರಾಸಿಗೆ ಬೇಕಾದ್ರೂ ಬನ್ನಿ, ತಾರಸಿ ಹತ್ತಿ ನೋಡಿ. ಕಣ್ಣಿಗೆ ಬೀಳೋದು ಜಿಐ ತಂತಿ. ಒಂದು ಕೊನೆ ಮುಂದಿನ ಮಹಡಿಗೆ ಅಂತ ಬಿಟ್ಟಿರೋ ಪಿಲ್ಲರ್ ಕಂಬಿಗೆ. ಇನ್ನೊಂದು ಕೊನೆ? ಅಲ್ಲೇ ನಿಂತಿರುತ್ತಲ್ಲ, ಕಂಬದಿಂದ ಬರೋ ಸರ್ವೀಸ್ ವೈರನ್ನ ಮನೆಯೊಳಗೆ ಇಳಿಸೋ ಕಬ್ಬಿಣದ ಪೈಪು, ಅದಕ್ಕೆ! ಎತ್ತರ ಸರಿಯಾಗಿದೆ, ಗಟ್ಟಿಯಾಗಿದೆ, ಮೊಳೆ ಹೊಡೆಯೋ ಕೆಲಸ ಇಲ್ಲ. ಗಾಳಿಗೆ ಒದ್ದೆ ಬಟ್ಟೆ ಅಲ್ಲಾಡಿದಾಗಲೆಲ್ಲ ಪೈಪು ಅಲ್ಲಾಡುತ್ತೆ, ಪೈಪಿನ ಬಾಯಿಗೆ ಸರ್ವೀಸ್ ವೈರಿನ ಸಿಪ್ಪೆ ಉಜ್ಜುತ್ತೆ. ವರ್ಷಗಟ್ಟಲೆ ಉಜ್ಜುತ್ತೆ. ಒಂದು ದಿನ ಸಿಪ್ಪೆ ಸವೆದು ತಾಮ್ರವೋ ಅಲ್ಯೂಮಿನಿಯಮ್ಮೋ ಪೈಪಿಗೆ ತಾಗುತ್ತೆ. ಅವತ್ತಿಂದ ಆ ಪೈಪು, ಅದಕ್ಕೆ ಕಟ್ಟಿದ ತಂತಿ, ಅದರ ಮೇಲಿನ ಒದ್ದೆ ಸೀರೆ, ಎಲ್ಲಾ 230 ವೋಲ್ಟ್.

ನಮ್ಮ ಎದುರುಮನೆ ಅಜ್ಜಿ ಹೋದ ಮಳೆಗಾಲ ನಮ್ಮಮ್ಮನ ಹತ್ರ ಹೇಳ್ತಿದ್ರು: "ಮಳಿ ಬಂದ್ರೆ ತಂತಿ ಜುಮ್ ಅಂತತಿ ಕಣವ್ವ. ಒಣ ಟವಲ್ ಕೈಗೆ ಸುತ್ತಿಕ್ಯಂಡು ಬಟ್ಟಿ ತೆಗಿತೀನಿ." ಅಡುಗೆಮನೆ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದ್ರು. ನಾನು ಊರಲ್ಲೇ ಇದ್ದೆ, ಹೋಗಿ ಟೆಸ್ಟರ್ ಇಟ್ಟೆ, ಉರೀತು. ಮನೆಯಲ್ಲಿ ಮೂವರು ಗಂಡಸರಿದ್ದಾರೆ, ಮೂವರಿಗೂ ಗೊತ್ತಿತ್ತು. ದೊಡ್ಡ ಮಗ ಹೇಳಿದ್ದು: "ಐದು ವರ್ಷದಿಂದ ಹಂಗೇ ಐತಿ ಬಿಡ್ರಿ, ಏನಾಗಿಲ್ಲ." ಲೈನ್‌ಮ್ಯಾನ್‌ಗೆ ಹೇಳಿ ಕಳಿಸಿದ್ವಿ. ಪಾಪ ಆತ ಮಳೆಯಲ್ಲೇ ಬಂದು ಕಂಬದಲ್ಲಿ ಕನೆಕ್ಷನ್ ಬಿಚ್ಚಿ ನೋಡಿದ್ರೆ, ನಾನು ಮೇಲೆ ಹೇಳಿದ ಕಥೆಯೇ. ಉಜ್ಜಿ ಉಜ್ಜಿ ಎರಡು ಇಂಚು ಸಿಪ್ಪೆ ಹೋಗಿತ್ತು. ಐದು ವರ್ಷ ಆ ಅಜ್ಜಿಯನ್ನ ಉಳಿಸಿದ್ದು ಒಂದು ಒಣ ಟವಲ್ಲು! ಇದನ್ನ 'ಏನಾಗಿಲ್ಲ' ಅಂತೀರಾ?

ಇನ್ನೊಂದು ತಮಾಷೆ ಗೊತ್ತಾ? ಈ ತಂತಿಯ ಹೆಸರಲ್ಲೇ ಕರೆಂಟಿದೆ. ಜಿಐ ಅಂದ್ರೆ ಗ್ಯಾಲ್ವನೈಸ್ಡ್ ಐರನ್. ಇಟಲಿಯ ಬೊಲೊನ್ಯಾದಲ್ಲಿ ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರೋದನ್ನ ನೋಡಿ 1791ರಲ್ಲಿ ಪ್ರಬಂಧ ಪ್ರಕಟಿಸಿದ ಲುಯಿಜಿ ಗಲ್ವಾನಿ ಹೆಸರು ಅದು. 1837ರಲ್ಲಿ ಫ್ರಾನ್ಸಿನ ಸೊರೆಲ್ ಅನ್ನೋ ಎಂಜಿನಿಯರ್ ಕಬ್ಬಿಣವನ್ನ ಕರಗಿದ ಸತುವಿನಲ್ಲಿ ಅದ್ದೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಪಾತ್ರೆಗೆ ಹಾಕೋ ಕಲಾಯಿಗೂ ಇದಕ್ಕೂ ವ್ಯತ್ಯಾಸ ಇದೆ. ಕಲಾಯಿ ತವರದ ಹೊದಿಕೆ, ಎಲ್ಲಿ ಸವೀತೋ ಅಲ್ಲಿ ಕೆಲಸ ಮುಗೀತು. ಸತು ಹಾಗಲ್ಲ, ಒಂದು ಕಡೆ ಗೀರು ಬಿದ್ದರೂ ಅಕ್ಕಪಕ್ಕದ ಸತು ತಾನು ಕರಗಿ ಕಬ್ಬಿಣವನ್ನ ಉಳಿಸುತ್ತೆ. ಅದಕ್ಕೇ ಜಿಐ ತಂತಿ ಬಿಸಿಲು ಮಳೆ ಎರಡನ್ನೂ ತಡೆದುಕೊಂಡು ಬಾಳಿಕೆ ಬರೋದು. ಆದರೆ ಆ ಹೊಳಪು ತುಕ್ಕಿಗೆ ತಡೆ, ಕರೆಂಟಿಗೆ ಅಲ್ಲ. 10 ಗೇಜ್ ತಂತಿ 20 ಮೀಟರ್ ಉದ್ದಕ್ಕೆ ಅರ್ಧ ಓಮ್ ಕೂಡ ತಡೆ ಒಡ್ಡಲ್ಲ. ಒದ್ದೆ ಮೈ ಸುಮಾರು ಸಾವಿರ ಓಮ್ ಅಂತ ಹಿಡಿದರೂ 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತೆ. 10 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಕೈ ಬಿಡಿಸಿಕೊಳ್ಳೋಕೆ ಆಗಲ್ಲ, ಸ್ನಾಯು ತಾನಾಗೇ ಬಿಗಿದು ತಂತಿಯನ್ನ ಹಿಡ್ಕೊಂಡುಬಿಡುತ್ತೆ. ಉಳಿದ ಲೆಕ್ಕ ನೀವೇ ಮಾಡಿ.

"ನಮ್ಮನೇಲಿ ಎಂಸಿಬಿ ಇದೆಯಲ್ಲ?" ಅಂತ ಕೇಳಿದ ಗೆಳೆಯರಿದ್ದಾರೆ, ಅದೂ ನನ್ನ ಜೊತೆ ಎಂಜಿನಿಯರಿಂಗ್ ಓದಿದೋರು! 16 ಆಂಪಿಯರಿನ ಎಂಸಿಬಿ ಕಾಯೋದು ಗೋಡೆಯೊಳಗಿನ ವೈರನ್ನ, ನಿಮ್ಮನ್ನಲ್ಲ. ಕಾಲು ಆಂಪಿಯರ್ ಹರಿದು ಮನುಷ್ಯ ಸಾಯೋವಾಗ ಅದು ಕಣ್ಣೂ ಮಿಟುಕಿಸಲ್ಲ. ಮನುಷ್ಯನನ್ನ ಕಾಯೋದು ಆರ್‌ಸಿಸಿಬಿ, 30 ಮಿಲಿ ಆಂಪಿಯರ್ ಸೋರಿದ್ರೆ ಕಣ್ಣುಮುಚ್ಚಿ ತೆಗೆಯೋದರೊಳಗೆ ಕಟ್ ಮಾಡುತ್ತೆ. ಖಂಡಿತ ಹಾಕಿಸಿ. ಆದರೆ ಅದು ಇರೋದು ಮೀಟರಿನ ನಂತರ. ತಾರಸಿಯ ಸರ್ವೀಸ್ ವೈರ್ ಇರೋದು ಮೀಟರಿನ ಮೊದಲು. ಅಲ್ಲಿ ತಾಗಿದ ಕರೆಂಟು ನಿಮ್ಮ ಆರ್‌ಸಿಸಿಬಿಗೆ ಕಾಣೋದೇ ಇಲ್ಲ. ಅಲ್ಲಿ ಕಾಪಾಡೋ ಉಪಕರಣ ಒಂದೇ, ದೂರ.

ಆ ದೂರ ಎಲ್ಲಿ ಹೋಯ್ತು? 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ಮನೆಗೆ ಬರೋ ಕಡಿಮೆ ವೋಲ್ಟೇಜಿನ ಬರಿ ಲೈನು ತಾರಸಿಯ ಮೇಲೆ ಹಾದರೆ 2.5 ಮೀಟರ್ ಎತ್ತರದಲ್ಲಿರಬೇಕು, ಪಕ್ಕದಲ್ಲಿ ಹಾದರೆ 1.2 ಮೀಟರ್ ದೂರ ಇರಬೇಕು. ನಮ್ಮ ಏರಿಯಾದಲ್ಲಿ ಹಿಂದೆ ಕೆಳಗಿನ ಮನೆ, ಹಿತ್ತಲು ಇದ್ದಾಗ ಲೈನು ನಿಜವಾಗ್ಲೂ ತಲೆ ಮೇಲೆ ದೂರದಲ್ಲಿತ್ತು. ಆಮೇಲೆ ಹಿತ್ತಲು ಹೋಯ್ತು, ಒಂದು ಮಹಡಿ ಬಂತು, ಬಾಡಿಗೆಗೆ ಅಂತ ಇನ್ನೊಂದು ಬಂತು, ಸಜ್ಜಾ ರಸ್ತೆಗೆ ಎರಡಡಿ ಚಾಚಿತು. ಲೈನು ಮನೆ ಹತ್ರ ಬರಲಿಲ್ಲ ಕಣ್ರೀ, ಮನೆ ಲೈನಿನ ಹತ್ರ ಹೋಯ್ತು. ಅದರ ಮಧ್ಯೆ ಉಳಿದಿರೋ ಒಂದು ಮಾರು ಜಾಗದಲ್ಲಿ ನಾವು ಬರಿ ಲೋಹದ ತಂತಿ ಎಳೀತೀವಿ. ಅದು ತುಂಡಾಗಿ ಚಿಮ್ಮಿದ್ರೆ ಸೀದಾ ಲೈನಿನ ಮೇಲೇ ಬೀಳುತ್ತೆ.

ಈ ಪಾಠ ಬೇರೆ ಎಲ್ಲೂ ಹುಡುಕಬೇಕಾಗಿಲ್ಲ, ನಿಮ್ಮ ಬೀದಿ ಕಂಬದಲ್ಲೇ ಇದೆ. ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿರೋ ಸ್ಟೇ ತಂತಿ ನೋಡಿದ್ದೀರಲ್ಲ? ಏಳು ಎಳೆ ಹುರಿ ಮಾಡಿದ ಜಿಐ ತಂತಿ. ಅದರ ನಡುವೆ ಪಿಂಗಾಣಿಯ ಮೊಟ್ಟೆಯಂಥದ್ದೊಂದು ಇರುತ್ತೆ. ಯಾಕೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಮೇಲೆ ಲೈನು ತಾಗಿ ತಂತಿಗೆ ಕರೆಂಟ್ ಬಂದರೂ ಕೆಳಗೆ ಮುಟ್ಟಿದವರು ಸಾಯಬಾರದು ಅಂತ. ಕಂಬ ನೆಡೋರು ಉಕ್ಕಿನ ತಂತಿಯನ್ನ ಅಷ್ಟು ಅನುಮಾನದಿಂದ ನೋಡ್ತಾರೆ. ನಾವು? ಅದೇ ಸ್ಟೇ ತಂತಿಗೆ ಎಮ್ಮೆ ಕಟ್ತೀವಿ, ಅಲ್ಲಿಂದ ಕಿಟಕಿಗೆ ಇನ್ನೊಂದು ತಂತಿ ಎಳೆದು ಲಂಗ ಒಣಹಾಕ್ತೀವಿ :-(

ಈಗ ಎದುರುವಾದಗಳಿಗೆ ಬರ್ತೀನಿ. ಮನೆಯಲ್ಲಿ, ಕಟ್ಟೆ ಮೇಲೆ, ಆಫೀಸ್ ಕ್ಯಾಂಟೀನಲ್ಲಿ ಎಲ್ಲಾ ಕಡೆ ಕೇಳಿದ್ದೀನಿ.

"ಪ್ಲಾಸ್ಟಿಕ್ ಹಗ್ಗ ಎರಡು ವರ್ಷಕ್ಕೆ ಹರಿಯುತ್ತೆ, ತಂತಿ ಇಪ್ಪತ್ತು ವರ್ಷ ಬರುತ್ತೆ." ಒಪ್ಪಿದೆ. ಹಗ್ಗ ಹರಿದ್ರೆ ಏನಾಗುತ್ತೆ? ಅಂಗಿ ಮಣ್ಣಾಗುತ್ತೆ, ಇನ್ನೊಂದ್ಸಲ ಒಗೀಬೇಕು. ಬಾಳಿಕೆ ಒಂದೇ ಗುಣ ಅಲ್ಲ, ಕೆಟ್ಟಾಗ ಎಷ್ಟು ನಷ್ಟ ಮಾಡುತ್ತೆ ಅನ್ನೋದೂ ಗುಣವೇ. ನಾವು ಸಾಫ್ಟ್‌ವೇರ್‌ನಲ್ಲಿ ಅರ್ಧ ಆಯಸ್ಸು ಇದನ್ನೇ ಯೋಚಿಸ್ತೀವಿ, ಮನೆಗೆ ಬಂದ ಕೂಡಲೇ ಮರೀತೀವಿ.

"ಪ್ಲಾಸ್ಟಿಕ್ ಹೊದಿಸಿದ ತಂತಿ ಬರುತ್ತಲ್ಲ, ಅದು ಸೇಫು." ಅಲ್ಲ. ಆ ಹೊದಿಕೆ ಬಟ್ಟೆಗೆ ತುಕ್ಕಿನ ಕಲೆ ಆಗದಿರಲಿ ಅಂತ ಇರೋದು, ಕರೆಂಟು ತಡೆಯೋಕೆ ಅಂತ ಪರೀಕ್ಷೆ ಮಾಡಿ ಕೊಟ್ಟಿದ್ದಲ್ಲ. ನಮ್ಮೂರಿನ ಬಿಸಿಲಿಗೆ ಸೀಳು ಬಿಡುತ್ತೆ. ಅಲ್ಲದೆ ಕಟ್ಟೋವಾಗ ಎರಡೂ ಕೊನೆಯಲ್ಲಿ ಸಿಪ್ಪೆ ಸುಲಿದೇ ತಿರುಚಿರ್ತೀವಿ.

"ಎಲ್ಲಾ ಬೆಸ್ಕಾಂನೋರ ತಪ್ಪು." ಜೋಲುಬಿದ್ದ ಲೈನು, ಹಳೇ ಸರ್ವೀಸ್ ವೈರು ಇದ್ದರೆ ಖಂಡಿತ ಕೇಳಬೇಕು, 1912ಕ್ಕೆ ಫೋನ್ ಮಾಡಿ ಬೆನ್ನು ಹತ್ತಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಹತ್ರ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ತೀರಿಕೊಂಡಾಗ ಇಡೀ ರಾಜ್ಯ ಕೇಳಿತು, ಅಧಿಕಾರಿಗಳ ಅಮಾನತೂ ಆಯ್ತು. ಸರಿಯಾಗೇ ಆಯ್ತು. ಆದರೆ ಬೀದಿಯ ತಂತಿಗೆ ಜವಾಬ್ದಾರಿ ಕೇಳೋ ನಾವು ತಾರಸಿಯ ತಂತಿಗೆ ಮಾತ್ರ 'ವಿಧಿ' ಅಂತೀವಲ್ಲ, ಅದು ಯಾವ ನ್ಯಾಯ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2021ರ ಲೆಕ್ಕದಲ್ಲಿ ಆ ಒಂದು ವರ್ಷ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು 12 ಸಾವಿರಕ್ಕೂ ಹೆಚ್ಚು. ಅಷ್ಟೂ ಜನರಿಗೆ ಒಬ್ಬನೇ ವಿಧಿ ಹಣೆಬರಹ ಬರೆದ ಅಂತ ನಂಬೋಕೆ ನನಗಂತೂ ಆಗಲ್ಲ.

ಹಾಗಂತ ಉಕ್ಕಿನ ತಂತಿಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ 1989ರಲ್ಲಿ ಗಿರೀಶ್ ಭಾರದ್ವಾಜ್ ತೂಗುಸೇತುವೆ ಕಟ್ಟಿದ್ದು ಉಕ್ಕಿನ ಹಗ್ಗದ ಮೇಲೇ. ಆಮೇಲೆ ಎಷ್ಟೋ ಹಳ್ಳಿಗಳ ಹೊಳೆ ದಾಟಿಸಿದ್ರು, 2017ರಲ್ಲಿ ಪದ್ಮಶ್ರೀ ಬಂತು. ಇನ್ನೊಂದು ಕಡೆ ಗುಜರಾತಿನ ಮೋರ್ಬಿ. 2022ರ ಅಕ್ಟೋಬರ್ 30ರಂದು ಅಲ್ಲಿನ ತೂಗುಸೇತುವೆ ಹರಿದು 135 ಜನ ಸತ್ತರು. ಒಂದು ಹುರಿಗೆ ಏಳು ಎಳೆ, ಅಂಥ ಏಳು ಹುರಿ, ಒಟ್ಟು 49 ಎಳೆಯ ಕೇಬಲ್ಲು ಅದು. ಅದರಲ್ಲಿ 22 ಎಳೆ ಮೊದಲೇ ತುಕ್ಕು ಹಿಡಿದಿದ್ದವು ಅಂತ ತನಿಖಾ ತಂಡ ಹೇಳಿತು. ದುರಸ್ತಿ ಹೆಸರಲ್ಲಿ ನಡೆಯೋ ಹಲಗೆ ಹೊಸದಾಗಿ ಹಾಕಿದ್ರು, ಹಳೇ ಕೇಬಲ್ಲನ್ನ ಹಾಗೇ ಬಿಟ್ಟಿದ್ರು. ಎರಡೂ ಕಡೆ ವಸ್ತು ಒಂದೇ. ಒಂದು ಕಡೆ ಲೆಕ್ಕ ಇತ್ತು, ಇನ್ನೊಂದು ಕಡೆ 'ನಡೆಯುತ್ತೆ ಬಿಡಿ' ಇತ್ತು.

ನಮ್ಮ ಮಾವ ಹರಿಹರದ ಕಿರ್ಲೋಸ್ಕರ್‌ನಲ್ಲಿ, ಆ ಕಾರ್ಖಾನೆ ನಡೀತಿದ್ದ ಕಾಲದಲ್ಲಿ, ಕ್ರೇನ್ ಕೆಳಗೆ ಕೆಲಸ ಮಾಡಿದೋರು. ಪಾಳಿ ಶುರುವಾದ ಕೂಡಲೇ ಉಕ್ಕಿನ ಹಗ್ಗದ ಮೇಲೆ ಕೈಗವಸು ಹಾಕಿದ ಕೈ ಆಡಿಸಿ, ಎಲ್ಲಿ ಎಷ್ಟು ಎಳೆ ಮುರಿದಿದೆ ಅಂತ ಎಣಿಸ್ತಿದ್ರಂತೆ. ಅವರ ಮನೆ ತಾರಸಿಯಲ್ಲಿ ಇವತ್ತಿಗೂ ಬಟ್ಟೆಗೆ ಇರೋದು ಹಗ್ಗವೇ. "ಉಕ್ಕಿಗೆ ಮರ್ಯಾದಿ ಕೊಡಬೇಕಪ್ಪ, ಸುಮ್ನೆ ಎಲ್ಲಾ ಕಡಿ ಕಟ್ಟಬಾರದು" ಅಂತಾರೆ. ನನ್ನ ಇಡೀ ಬರಹಕ್ಕಿಂತ ಅದೊಂದು ಮಾತು ತೂಕ ಜಾಸ್ತಿ.

ಸರಿ, ಮರ್ಯಾದೆ ಕೊಡೋದು ಹೇಗೆ? ನನಗೆ ತಿಳಿದಷ್ಟು ಹೇಳ್ತೀನಿ.

ಮೊದಲನೆಯದು, ಜಾಗ. ಸರ್ವೀಸ್ ಪೈಪು, ಸ್ಟೇ ತಂತಿ, ಕಂಬ, ಮೀಟರ್ ಬೋರ್ಡಿನ ಕಬ್ಬಿಣ, ಮೋಟರ್ ಪೈಪು, ತಗಡಿನ ಶೀಟು, ಡಿಶ್ ಸ್ಟ್ಯಾಂಡು, ಇವು ಯಾವುದಕ್ಕೂ ಯಾವ ತಂತಿಯನ್ನೂ ಕಟ್ಟಬೇಡಿ. ತಂತಿ ತುಂಡಾಗಿ ಚಿಮ್ಮಿದರೆ ಲೈನಿಗೆ ತಲುಪುತ್ತಾ ಅಂತ ಕಣ್ಣಲ್ಲೇ ಅಳೆದು ನೋಡಿ. ತಲುಪೋ ಹಾಗಿದ್ರೆ ಅಲ್ಲಿ ನೈಲಾನ್ ಇಲ್ಲಾ ಹತ್ತಿ ಹಗ್ಗ ಮಾತ್ರ. ಹಾಗೆ ನೋಡಿದರೆ ಬಟ್ಟೆ ಒಣಹಾಕೋಕೆ ಎಲ್ಲಾ ಕಡೆಯೂ ಹಗ್ಗವೇ ಸಾಕು. ಹಗ್ಗ ಕೂಡ ಒದ್ದೆಯಾದರೆ ಕರೆಂಟು ಹರಿಸಬಹುದು, ಅದನ್ನೂ ಆ ಪೈಪಿಗೆ ಕಟ್ಟಬೇಡಿ.

ಎರಡನೆಯದು, ಬಿಗಿ. ತಂತಿ ವೀಣೆಯ ಹಾಗೆ ಬಿಗಿ ಇರಬೇಕು ಅನ್ನೋದು ಗಂಡಸರ ಇನ್ನೊಂದು ಚಟ. 20 ಅಡಿ ಉದ್ದದ ತಂತಿ ಮೇಲೆ 10 ಕೆ.ಜಿ. ಒದ್ದೆ ಬಟ್ಟೆ ಹರಡಿ ಹಾಕಿದ್ದೀರಿ ಅನ್ನಿ. ನಡುವೆ ಒಂದಡಿ ಜೋಲು ಇದ್ದರೆ ಗೋಡೆಯ ಕೊಂಡಿ ಮೇಲೆ ಬೀಳೋ ಎಳೆತ ಸುಮಾರು 25 ಕೆ.ಜಿ. ಅದೇ ಜೋಲು ಎರಡೇ ಇಂಚಿಗೆ ಇಳಿಸಿದ್ರೆ ಸುಮಾರು 150 ಕೆ.ಜಿ.! ಪ್ಯಾರಪೆಟ್ ಇಟ್ಟಿಗೆ ಕಿತ್ತು ಬರೋದು ಇದಕ್ಕೇ. ಜೋಲು ಬಿಡಿ. ಬಟ್ಟೆ ಒಣಗೋಕೆ ಸಂಗೀತ ಬೇಕಾಗಿಲ್ಲ :-)

ಮೂರನೆಯದು, ಆಯ್ಕೆ. ಬಳ್ಳಿ ಹಬ್ಬಿಸೋಕೆ, ಸಿಂಟೆಕ್ಸ್ ಟ್ಯಾಂಕ್ ಗಾಳಿಗೆ ಹಾರದಂತೆ ಬಿಗಿಯೋಕೆ, ನೆರಳಿನ ಪರದೆ ಕಟ್ಟೋಕೆ, ಹೀಗೆ ಕರೆಂಟಿನ ಸುಳಿವಿಲ್ಲದ ಕಡೆ ಉಕ್ಕು ಬೇಕೇ ಬೇಕು ಅಂದ್ರೆ ಒಂಟಿ ಎಳೆಯ ತಂತಿಗಿಂತ ಹುರಿ ಮಾಡಿದ ಉಕ್ಕಿನ ಹಗ್ಗ ತಗೊಳ್ಳಿ. ಒಂಟಿ ಎಳೆ ಮಡಚಿದ ಜಾಗದಲ್ಲೇ ಒಂದು ದಿನ ಹೇಳದೆ ಕೇಳದೆ ಮುರಿಯುತ್ತೆ, ಹುರಿಯಲ್ಲಿ ಒಂದೊಂದೇ ಎಳೆ ಮುರಿದು ಮುಂಚೆ ಎಚ್ಚರಿಕೆ ಕೊಡುತ್ತೆ. ಅಂಗಡಿಯಲ್ಲಿ 7×7 ಅಂದ್ರೆ 49 ಎಳೆ, ಸಾಮಾನ್ಯ ಕೆಲಸಕ್ಕೆ ಸಾಕು. 7×19 ಅಂದ್ರೆ 133 ಸಣ್ಣ ಎಳೆ, ರಾಟೆ ಮೇಲೆ ಬಾಗೋ ಕಡೆಗೆ ಅದು. 3 ಮಿ.ಮೀ. 7×7 ಹಗ್ಗ ಹರಿಯೋಕೆ 500 ಕೆ.ಜಿ.ಗಿಂತ ಜಾಸ್ತಿ ಎಳೆತ ಬೇಕು. ಆದರೆ ಅದರ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಭಾರ ಯಾವತ್ತೂ ಹಾಕಬಾರದು. ಕೆ.ಜಿ. ಲೆಕ್ಕದಲ್ಲಿ ಅಗ್ಗ ಅಂತ ಕಂಬಿ ಕಟ್ಟೋ ಕಪ್ಪು ಬೈಂಡಿಂಗ್ ವೈರ್ ತರಬೇಡಿ, ಅದರ ಮೇಲೆ ಸತುವಿನ ಲೇಪವೇ ಇಲ್ಲ, ಒಂದು ಮಳೆಗಾಲಕ್ಕೆ ಕೆಂಪಗಾಗುತ್ತೆ. ಮಕ್ಕಳ ಜೋಕಾಲಿಗಂತೂ ಮನೆಯಲ್ಲಿ ಕೂತು ತಂತಿ ತಿರುಚೋ ಸಾಹಸವೇ ಬೇಡ.

ನಾಲ್ಕನೆಯದು, ಕೊನೆ. ಉಕ್ಕಿನ ಹಗ್ಗಕ್ಕೆ ಗಂಟು ಹಾಕಬಾರದು, ಗಂಟಿನಲ್ಲೇ ಅದರ ಶಕ್ತಿ ಸೋರಿಹೋಗುತ್ತೆ. ಕೊಂಡಿಯ ಜಾಗದಲ್ಲಿ ಒಳಗೆ ಥಿಂಬಲ್ ಇಟ್ಟು ಮಡಚಿ, ಕನಿಷ್ಠ ಎರಡು ಯು ಕ್ಲಾಂಪ್ ಬಿಗೀಬೇಕು. ಕ್ಲಾಂಪಿನ ಅಗಲದ ತಳ ಭಾರ ಹೊರೋ ಉದ್ದದ ಕಡೆಗೆ, ಯು ಆಕಾರದ ಬೋಲ್ಟು ಮಡಚಿ ಬಂದ ತುದಿಯ ಕಡೆಗೆ ಬರಬೇಕು. ತಿರುವುಮುರುವು ಹಾಕಿದ್ರೆ ಬೋಲ್ಟೇ ಭಾರ ಹೊರೋ ಎಳೆಗಳನ್ನ ಜಜ್ಜಿಹಾಕುತ್ತೆ. ಎಷ್ಟೋ ಕಡೆ ತಿರುವುಮುರುವೇ ನೋಡಿದ್ದೀನಿ.

ಕೊನೆಯದು ಜೀವದ ಮಾತು, ಮನೆಯವರಿಗೆಲ್ಲ ಓದಿ ಹೇಳಿ. ಯಾರಾದ್ರೂ ತಂತಿಗೆ ಅಂಟಿಕೊಂಡಿದ್ರೆ ಓಡಿಹೋಗಿ ಅವರ ಕೈ ಹಿಡಿದು ಎಳೀಬೇಡಿ. ಆ ನಾಲ್ಕು ಸಾಲಿನ ಸುದ್ದಿಯಲ್ಲಿ ಎರಡನೇ ಹೆಸರು ಬರೋದು ಹೀಗೇ. ಮೊದಲು ಮೇನ್ ಆಫ್ ಮಾಡಿ. ಆದರೆ ಸರ್ವೀಸ್ ವೈರೇ ತಾಗಿದ್ರೆ ಮೇನ್ ಆಫ್ ಮಾಡಿದರೂ ತಂತಿಯಲ್ಲಿ ಕರೆಂಟ್ ಇರುತ್ತೆ, ನೆನಪಿರಲಿ. ಒಣಗಿದ ಮರದ ಕೋಲಿನಿಂದ, ಒಣ ಜಾಗದಲ್ಲಿ ನಿಂತು ತಂತಿಯನ್ನ ಅವರಿಂದ ದೂರ ತಳ್ಳಿ. ತಾರಸಿ ಬಾಗಿಲ ಹತ್ರ ಅಂಥದ್ದೊಂದು ಕೋಲು ಇಟ್ಟಿರಿ. 'ಜುಮ್ ಅನ್ನುತ್ತೆ' ಅಂತ ಮನೆಯಲ್ಲಿ ಯಾರೇ ಹೇಳಿದರೂ, ಅಮ್ಮ ಹೇಳಿದರೂ, ಕೆಲಸದ ಅಕ್ಕ ಹೇಳಿದರೂ, ಅವತ್ತೇ 1912ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಆ ತಂತಿಯನ್ನ ಯಾರೂ ಮುಟ್ಟಬಾರದು. ಜುಮ್ ಅನ್ನೋದು ತಂತಿಯ ಸ್ವಭಾವ ಅಲ್ಲ, ಅದು ನೋಟೀಸು.

ಇಷ್ಟಕ್ಕೆ ಆಗೋ ಖರ್ಚು ಎಷ್ಟು? ಒಂದು ಸುರುಳಿ ಹಗ್ಗ, ನಾಲ್ಕು ಕೊಂಡಿ, ಒಂದು ಭಾನುವಾರ. ಬೆಣ್ಣೆದೋಸೆಗೆ ಮನೆಮಂದಿಯೆಲ್ಲ ಹೋಗಿ ಬಂದಷ್ಟೂ ಆಗಲ್ಲ.

ಈ ಬ್ಲಾಗ್ ಓದೋ ಗೆಳೆಯರಲ್ಲಿ ಹೆಚ್ಚಿನವರು ನನ್ನ ಹಾಗೇ ಊರು ಬಿಟ್ಟು ಬೆಂಗಳೂರಲ್ಲೋ ಅಮೆರಿಕದಲ್ಲೋ ಕೂತಿರೋ ಎಂಜಿನಿಯರುಗಳು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನಿಗೆ ಹೊಸ ಮೊಬೈಲ್ ಕೊಡಿಸೋದಕ್ಕಿಂತ ಮುಂಚೆ ಟೆಸ್ಟರ್ ಹಿಡ್ಕೊಂಡು ತಾರಸಿಗೆ ಹೋಗಿ. ನೀವೇ ಕಟ್ಟಿದ ತಂತಿಯಾದ್ರೆ ಇನ್ನೂ ಬೇಗ ಹೋಗಿ. ಒಂದು ವಾರ ಮನೆಯ ಬಟ್ಟೆಯನ್ನೆಲ್ಲ ನೀವೇ ಒಣಹಾಕಿ, ನೀವೇ ತೆಗೀರಿ. ಆಮೇಲೂ ಆ ತಂತಿ ಅಲ್ಲೇ ಇರಲಿ ಅನ್ನಿಸಿದ್ರೆ, ಬಂದು ನನ್ನ ಜೊತೆ ಜಗಳ ಆಡಿ.

ನೀವೇನಂತೀರಿ?